ಗುರುವಾರದ ಬಿಸಿಲು

ಪ್ರಯೋಗಾಲಯದಲ್ಲಿ ಅವಳಿಗೆ ಬಿಸಿಲಮ್ಮ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಅವಳ ಕೆಲಸವೇ ಅಂಥದ್ದು. ಕಂಪ್ಯೂಟರಿನೊಳಗೆ ಒಂದು ಬಯಲು, ಆ ಬಯಲಿನಲ್ಲಿ ಒಂದಿಷ್ಟು ಜೀವಿಗಳು; ಅವುಗಳ ನೆತ್ತಿಯ ಮೇಲೆ ಹೊತ್ತು ಹುಟ್ಟಿಸಿ, ಏರಿಸಿ, ಇಳಿಸಿ, ಮುಳುಗಿಸುವುದು ಅವಳ ಪಾಲಿನದು. ಜೀವಿಗಳ ಮೈಕೈ ನೋಡಿಕೊಳ್ಳುವುದು ಪಕ್ಕದ ಮೇಜಿನವನ ಪಾಲು. ಅವನನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. "ನೀನು ಸುಡು, ನಾನು ಮುಲಾಮು ಹಚ್ತೀನಿ" ಎಂದು ಅವನು ಆಗಾಗ ನಗಿಸುತ್ತಿದ್ದ.

ಆ ಜೀವಿಗಳಿಗೆ ಅವರಿಬ್ಬರೂ ಸೇರಿ ಎಲೆಮರಿ ಎಂದು ಹೆಸರಿಟ್ಟಿದ್ದರು. ನೋಡುವುದಕ್ಕೆ ಪರದೆಯ ಮೇಲಿನ ಹಸಿರು ಚುಕ್ಕೆಗಳು, ಅಷ್ಟೆ. ಪ್ರತಿಯೊಂದಕ್ಕೂ ಒಂದು ಎಲೆ. ಎಲೆ ಬಿಚ್ಚಿದಾಗ ಬಿಸಿಲು ಬಿದ್ದರೆ ಹೊಟ್ಟೆ ತುಂಬುತ್ತದೆ. ಆದರೆ ಬಿಚ್ಚುವುದಕ್ಕೂ ಶಕ್ತಿ ಬೇಕು; ಬಿಚ್ಚಿದ ಹೊತ್ತಿಗೆ ಮೋಡ ಕವಿದಿದ್ದರೆ ಕೂಡಿಟ್ಟ ಶಕ್ತಿಯೂ ನೀರುಪಾಲು. ಯಾವಾಗ ಬಿಚ್ಚಬೇಕು, ಯಾವಾಗ ಮುದುಡಿ ಕೂರಬೇಕು ಎಂದು ಯಾರೂ ಅವಕ್ಕೆ ಹೇಳಿಕೊಡುವುದಿಲ್ಲ. ಸರಿಯಾಗಿ ಅಂದಾಜು ಮಾಡಿದ್ದು ಬದುಕಿ ಮರಿ ಹಾಕುತ್ತದೆ, ಅಂದಾಜು ತಪ್ಪಿದ್ದು ಸಾಯುತ್ತದೆ. ತಾಯಿಯ ಅಂದಾಜು ಚೂರುಪಾರು ಬದಲಾಗಿ ಮರಿಗೆ ಬರುತ್ತದೆ. ಹೀಗೇ ತಲೆಮಾರುಗಟ್ಟಲೆ ಬಿಟ್ಟರೆ ಎಲೆಮರಿಗಳು ಬಿಸಿಲನ್ನು ಎಷ್ಟರಮಟ್ಟಿಗೆ ಕಲಿಯುತ್ತವೆ ಎಂದು ನೋಡುವುದು ಇಬ್ಬರ ಉದ್ದೇಶ.

ಮೊದಮೊದಲು ಅವಳು ಲೆಕ್ಕದ ಸೂರ್ಯನನ್ನೇ ಹಾಕಿದ್ದಳು. ಅವನು ದಿನವೂ ಹೇಳಿದ ಹೊತ್ತಿಗೆ ಹುಟ್ಟಿ, ಹೇಳಿದ ಹೊತ್ತಿಗೆ ಮುಳುಗುತ್ತಿದ್ದ. ಎಲೆಮರಿಗಳು ಅದನ್ನು ಬೇಗನೆ ಬಾಯಿಪಾಠ ಮಾಡಿಕೊಂಡು ಸೋಮಾರಿಗಳಾದವು. ನಿಜವಾದ ಬಿಸಿಲು ಬೇಕಾಯಿತು: ಮೋಡ ಅಡ್ಡ ಬರುವ, ಮಳೆಗೆ ಮರೆಯಾಗುವ, ನೆಚ್ಚಿಕೊಳ್ಳಲಾಗದ ಬಿಸಿಲು. ಹವಾಮಾನ ಇಲಾಖೆಯವರು ಹಳೆಯ ಕೇಂದ್ರಗಳ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಟ್ಟಿದ್ದರು. ಹೆಚ್ಚಿನವು ಹಲ್ಲುದುರಿದ ಬಾಯಿಯ ಹಾಗಿದ್ದವು. ಇಲ್ಲಿ ಒಂದು ತಿಂಗಳಿಲ್ಲ, ಅಲ್ಲಿ ಒಂದು ಮಳೆಗಾಲವೇ ಇಲ್ಲ. ಒಂದೇ ಒಂದು ಕೇಂದ್ರದ್ದು ಮಾತ್ರ ಆರಂಭದಿಂದ ಮುಚ್ಚುವವರೆಗೆ ಒಂದು ದಿನವೂ ತಪ್ಪದೆ ತುಂಬಿಕೊಂಡಿತ್ತು. ಇಲಾಖೆಯವರೇ ಅದನ್ನು ಮಾದರಿ ಎಂದು ಹೊಗಳಿ ಬರೆದಿದ್ದರು.

ಅದು ಅವಳ ಅಪ್ಪನ ಕೇಂದ್ರ.

ಊರಾಚೆಯ ಗುಡ್ಡದ ಮೇಲೆ ಒಂದು ಕೋಣೆ, ಕೋಣೆಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಕಿತ್ತಳೆ ಹಣ್ಣಿಗಿಂತ ತುಸು ದೊಡ್ಡದಾದ ಗಾಜಿನ ಗುಂಡು. ಗುಂಡಿನ ಹಿಂದೆ ಗಂಟೆಗಳ ಗೆರೆ ಹಾಕಿದ ಕಾಗದದ ಪಟ್ಟಿ. ಬಿಸಿಲು ಗುಂಡನ್ನು ಹಾಯ್ದು ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ. ಮೋಡ ಬಂದರೆ ಸುಟ್ಟ ಗೆರೆ ತುಂಡಾಗುತ್ತದೆ. ಬೆಳಿಗ್ಗೆ ಪಟ್ಟಿ ಇಡುವುದು, ಸಂಜೆ ತೆಗೆಯುವುದು, ಎಷ್ಟು ಸುಟ್ಟಿದೆ ಎಂದು ಅಳೆದು ಬರೆಯುವುದು, ಇದನ್ನೇ ಅಪ್ಪ ಇಡೀ ನೌಕರಿಯುದ್ದಕ್ಕೂ ಒಬ್ಬರೇ ಮಾಡಿದರು. ಮನೆಯಲ್ಲಿ ಅಪ್ಪ, ಅಪ್ಪನ ಅಕ್ಕ ಮತ್ತು ಅವಳು, ಮೂವರೇ. ಅಮ್ಮ ಅವಳು ಹಸುಗೂಸಾಗಿದ್ದಾಗಲೇ ಹೋದಳು ಎಂದು ಅತ್ತೆ ಹೇಳಿದ್ದಳು. ಅದಕ್ಕಿಂತ ಹೆಚ್ಚು ಕೇಳಿದರೆ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು, ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಹಾಗಾಗಿ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಬುಧವಾರ ಸಂಜೆ ಗುಡ್ಡಕ್ಕೆ ಹೋದ ಅಪ್ಪ ಶುಕ್ರವಾರವೇ ಮನೆಗೆ ಬರುತ್ತಿದ್ದುದು. "ಗುರುವಾರ ವಿಶೇಷ ಅಳತೆ ಇರುತ್ತೆ ಮರಿ, ಅಲ್ಲೇ ಇರ್ಬೇಕು" ಎನ್ನುತ್ತಿದ್ದರು. ಅವಳು ಶಾಲೆಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದಳು, ನಮ್ಮಪ್ಪ ಗುರುವಾರ ರಾತ್ರಿ ಹಗಲು ಸೂರ್ಯನನ್ನ ಕಾಯ್ತಾರೆ ಅಂತ. ರಾತ್ರಿ ಎಲ್ಲಿಯ ಸೂರ್ಯ ಎಂದು ಯಾರೋ ಆಡಿಕೊಂಡಾಗ ಅವಳು ಜಗಳವಾಡಿ ಬಂದಿದ್ದಳು.

ನಿಮ್ಮ ದಾಖಲೆಯನ್ನು ಎಲೆಮರಿಗಳಿಗೆ ಹಾಕುತ್ತೇನೆ ಎಂದು ಅವಳು ಅಪ್ಪನಿಗೆ ಫೋನಿನಲ್ಲಿ ಹೇಳಿದಳು.

"ಬೇರೆ ಕೇಂದ್ರದ್ದು ಸಿಗಲ್ವಾ?"

"ಸಿಗುತ್ತೆ. ನಿಮ್ಮಷ್ಟು ಅಚ್ಚುಕಟ್ಟು ಯಾರದೂ ಇಲ್ಲ ಅಪ್ಪ."

"ಹಳೇ ಕಾಲದ್ದು. ಆ ಗುಂಡು ಏನು ಮಹಾ ಅಳತೆ. ನೋಡು ಯೋಚ್ನೆ ಮಾಡಿ."

ಅಪ್ಪನದು ಯಾವಾಗಲೂ ಇದೇ ಸಂಕೋಚ ಎಂದು ಅವಳು ನಕ್ಕು ಫೋನಿಟ್ಟಳು.

ಎಲೆಮರಿಗಳು ಅಪ್ಪನ ಬಿಸಿಲಿನಲ್ಲಿ ಚೆನ್ನಾಗಿ ಬೆಳೆದವು. ಬೇಸಿಗೆಯಲ್ಲಿ ಬಿಚ್ಚಿದವು, ಮಳೆಗಾಲದಲ್ಲಿ ಮುದುಡಿದವು. ಇಬ್ಬರೂ ಖುಷಿಯಲ್ಲಿ ಮೊದಲ ವರದಿಯನ್ನೂ ಕಳಿಸಿಬಿಟ್ಟರು. ಆಮೇಲೆ ದಾಖಲೆಯ ಕೊನೆಯ ವರ್ಷಗಳತ್ತ ಪ್ರೋಗ್ರಾಮನ್ನು ಓಡಿಸಿದಾಗ, ಒಂದು ಮಳೆಗಾಲದ ನಡುವೆ ಬಯಲಿನ ಎಲೆಮರಿಗಳೆಲ್ಲ ಒಮ್ಮೆಲೇ ಸತ್ತುಹೋದವು.

"ಏನೋ ತಪ್ಪಾಗಿದೆ, ಮತ್ತೆ ಓಡಿಸು" ಎಂದ ಡಾಕ್ಟರು.

ಮತ್ತೆ ಓಡಿಸಿದರೂ ಅದೇ ಮಳೆಗಾಲ, ಅದೇ ಸಾವು. ಬೇರೆ ಎಲೆಮರಿಗಳಿಂದ, ಬೇರೆ ತಲೆಮಾರಿನಿಂದ ಶುರುಮಾಡಿದರೂ ಆ ವರ್ಷಕ್ಕೆ ಬಂದೊಡನೆ ಬಯಲು ಬರಿದಾಗುತ್ತಿತ್ತು.

"ನಿನ್ನ ಸೂರ್ಯನಿಗೆ ಆ ವರ್ಷ ಏನೋ ಆಗಿದೆ ಕಣೇ. ನನ್ನ ಮಕ್ಕಳು ಗಟ್ಟಿ" ಎಂದು ಡಾಕ್ಟರು ಕೈತೊಳೆದುಕೊಂಡ.

ಸಾಯುವುದಕ್ಕೆ ಮುಂಚಿನ ವರ್ಷಗಳಲ್ಲಿ ಅವು ಬದುಕುತ್ತಿದ್ದುದು ಹೇಗೆ ಎಂದು ಅವಳು ನಿಧಾನವಾಗಿ ಓಡಿಸಿ ನೋಡಿದಳು. ಮಳೆಗಾಲದಲ್ಲಿ ಇಡೀ ಬಯಲು ಕಪ್ಪಾಗಿರುತ್ತಿತ್ತು, ಒಂದು ಎಲೆಯೂ ಬಿಚ್ಚುತ್ತಿರಲಿಲ್ಲ. ಆರು ದಿನ ಹಾಗೇ. ಏಳನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಯಲಿನ ಅಷ್ಟೂ ಎಲೆಮರಿಗಳು ಒಟ್ಟಿಗೆ ಎಲೆ ಬಿಚ್ಚುತ್ತಿದ್ದವು. ಬಿಚ್ಚಿದೊಡನೆ ಬಿಸಿಲು ಬರುತ್ತಿತ್ತು. ಹೊಟ್ಟೆ ತುಂಬಿಸಿಕೊಂಡು ಮತ್ತೆ ಆರು ದಿನ ಮುದುಡುತ್ತಿದ್ದವು. ಅವಳು ಒಂದು ವರ್ಷ ನೋಡಿದಳು, ಇನ್ನೊಂದು ವರ್ಷ ನೋಡಿದಳು. ಎಷ್ಟು ದಟ್ಟ ಮೋಡದ ತಿಂಗಳಾದರೂ ಏಳನೆಯ ದಿನ ಒಂಬತ್ತಕ್ಕೆ ಒಂದಿಷ್ಟು ಬಿಸಿಲು ತಪ್ಪುತ್ತಿರಲಿಲ್ಲ.

ಡಾಕ್ಟರು ಹಿಂದೆ ಬಂದು ನಿಂತು ನೋಡಿದ. "ಅಬ್ಬಾ! ವಾರದ ಲೆಕ್ಕ ಕಲಿತುಬಿಟ್ಟಿವೆ. ಸಂತೆಗೆ ಹೋಗೋರ ಹಾಗೆ."

"ಕಲಿಯೋಕೆ ಅಲ್ಲಿ ವಾರ ಎಲ್ಲಿದೆ? ತಿಂಗಳಿಗೆ ಚಂದ್ರ ಇದ್ದಾನೆ, ವರ್ಷಕ್ಕೆ ಸೂರ್ಯ ಇದ್ದಾನೆ. ಏಳು ದಿನ ಅನ್ನೋದು ನಾವು ಮಾಡ್ಕೊಂಡಿದ್ದು. ಸೂರ್ಯನಿಗೆ ವಾರ ಗೊತ್ತಿಲ್ಲ."

ಹೇಳಿದ ಮಾತು ಅವಳಿಗೇ ವಿಚಿತ್ರವಾಗಿ ಕೇಳಿಸಿತು. ದಾಖಲೆಯನ್ನು ತೆರೆದು ಕ್ಯಾಲೆಂಡರಿನ ಹಾಗೆ ಸಾಲಿಗೆ ಏಳೇಳು ದಿನ ಜೋಡಿಸಿದಳು. ವಾರದ ಒಂದೊಂದು ದಿನಕ್ಕೆ ಒಂದೊಂದು ಕಂಬವಾಯಿತು. ಆರು ಕಂಬಗಳಲ್ಲಿ ಬಿಸಿಲು ಅಡ್ಡಾದಿಡ್ಡಿ ಚೆಲ್ಲಿತ್ತು. ಒಂದು ಕಂಬದಲ್ಲಿ ಮಾತ್ರ ಒಂಬತ್ತು ಗಂಟೆಯಿಂದ ಶುರುವಾಗುವ ಒಂದೇ ಬಗೆಯ ಗೆರೆ, ರೂಲರು ಹಿಡಿದು ಎಳೆದಂತೆ, ಮೇಲಿನಿಂದ ಕೆಳಗೆ ಇಳಿದು ಬಂದಿತ್ತು. ಎಲೆಮರಿಗಳು ಸತ್ತ ಆ ಮಳೆಗಾಲದಲ್ಲಿ ಗೆರೆ ಥಟ್ಟನೆ ನಿಂತು, ಅಲ್ಲಿಂದಾಚೆಗೆ ಆ ಕಂಬವೂ ಉಳಿದವುಗಳ ಹಾಗೆಯೇ ಚೆಲ್ಲಾಪಿಲ್ಲಿಯಾಗಿತ್ತು. ಪಾಪದ ಎಲೆಮರಿಗಳು ಆ ವಾರವೂ ಒಂಬತ್ತಕ್ಕೆ ಎದ್ದು ಎಲೆ ಬಿಚ್ಚಿದ್ದವು. ಬಿಸಿಲು ಬಂದಿರಲಿಲ್ಲ. ಮುಂದಿನ ವಾರವೂ ನಂಬಿ ಬಿಚ್ಚಿದ್ದವು.

ಕಂಬದ ತಲೆಯ ಮೇಲೆ ಯಾವ ವಾರ ಎಂದು ನೋಡುವ ಮುಂಚೆಯೇ ಅವಳಿಗೆ ಗೊತ್ತಾಗಿತ್ತು.

"ಯಾರೋ ಕೂತು ಬರ್ದಿರೋದು ಇದು" ಎಂದ ಡಾಕ್ಟರು. ಅದು ಅವಳ ಅಪ್ಪನ ಕೇಂದ್ರ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. "ಒಂದೊಂದು ದಿನ ಹುಷಾರಿಲ್ದೆ ಇರಬಹುದು ಬಿಡು."

"ಪ್ರತಿ ಗುರುವಾರ ಹುಷಾರಿಲ್ವಾ?" ಎಂದಳು ಅವಳು.

ಶನಿವಾರ ಬೆಳಗಿನ ಬಸ್ಸಿಗೆ ಅವಳು ಊರಿಗೆ ಹೋದಳು. ಅಪ್ಪ ಮತ್ತು ಅತ್ತೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಅಪ್ಪ ಬಾಲ್ಕನಿಯಲ್ಲಿ ಕೂತು ಹರಿದ ಕುರ್ಚಿಗೆ ಹುರಿ ಹೆಣೆಯುತ್ತಿದ್ದರು. ಮಗಳನ್ನು ಕಂಡು ಮುಖ ಅರಳಿತು. ಅತ್ತೆ ಒಳಗಿನಿಂದ "ಫೋನಾದ್ರೂ ಮಾಡ್ಬಾರ್ದೇನೇ, ಅನ್ನ ಜಾಸ್ತಿ ಇಡ್ತಿದ್ದೆ" ಎಂದಳು.

ಅವಳು ಚಪ್ಪಲಿಯನ್ನೂ ಬಿಡದೆ ಬಾಲ್ಕನಿಯ ಬಾಗಿಲಲ್ಲಿ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಅಪ್ಪ, ಗುರುವಾರ ನೀವು ಗುಡ್ಡದಲ್ಲಿ ಇರ್ತಿರ್ಲಿಲ್ಲ ಅಲ್ವಾ?"

ಅಪ್ಪನ ಕೈಯಲ್ಲಿದ್ದ ಹುರಿ ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾನು ಸಾಕಿದ ಪ್ರಾಣಿಗಳು ಹೇಳಿದ್ವು."

ಅವಳು ನಡೆದದ್ದನ್ನು ಹೇಳಿದಳು. ಅಪ್ಪ ತಲೆ ತಗ್ಗಿಸಿ ಕೇಳಿದರು. ಆರು ದಿನ ಮುದುಡಿಕೊಂಡು ಗುರುವಾರ ಮಾತ್ರ ಏಳುವ ಸಂಗತಿ ಬಂದಾಗ ತಮಗೆ ತಾವೇ ಎಂಬಂತೆ "ಹೌದಾ? ಅಷ್ಟು ಗೊತ್ತಾಗುತ್ತಾ ಅವಕ್ಕೆ?" ಎಂದರು.

"ಪಟ್ಟಿ ಸುಟ್ಟಿದ್ದು ಹೇಗೆ?"

"ಭೂತಗನ್ನಡಿಯಿಂದ. ಒಳ್ಳೆ ಬಿಸಿಲಿರೋ ಬೆಳಿಗ್ಗೆ ನಾಲ್ಕಾರು ಒಟ್ಟಿಗೆ ಮಾಡಿಟ್ಕೋತಿದ್ದೆ. ಬೇಸಿಗೆಗೆ ಉದ್ದ, ಮಳೆಗಾಲಕ್ಕೆ ಗಿಡ್ಡ. ಪೂರ್ತಿ ಖಾಲಿ ಬಿಡೋಕೆ ಧೈರ್ಯ ಬರ್ತಿರ್ಲಿಲ್ಲ. ಗುಂಡನ್ನ ಕಟ್ಟೆ ಮೇಲೆ ಬಿಟ್ಟು ಹೋಗೋ ಹಾಗಿರ್ಲಿಲ್ಲ ನೋಡು, ಮುಂಚೆ ಇನ್ನೊಂದು ಕೇಂದ್ರದ್ದು ಕಳುವಾಗಿತ್ತು. ಬೀಗ ಹಾಕಿ ಒಳಗಿಟ್ಟು ಹೋಗ್ತಿದ್ದೆ."

ವಿಶೇಷ ಅಳತೆಯ ದಿನ ಎಂದು ಅವಳು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಇದ್ದುದರಲ್ಲಿ ಅಳತೆಯೇ ಇಲ್ಲದ ದಿನ ಅದೊಂದೇ.

"ಎಲ್ಲಿಗೆ ಹೋಗ್ತಿದ್ರಿ?"

ಅಪ್ಪ ಒಳಗೆ ನೋಡಿದರು. ಅತ್ತೆ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಏನೂ ಕೇಳದಿದ್ದರೂ ಅತ್ತೆ "ನಂದೇನೂ ಇಲ್ಲಮ್ಮ ಇದ್ರಲ್ಲಿ" ಎಂದಳು.

"ಏನು ಇಲ್ಲ ಅತ್ತೆ?"

"ನಿಮ್ಮಮ್ಮನ್ನ ನೋಡೋಕೆ ಹೋಗ್ತಿದ್ದೆ" ಎಂದರು ಅಪ್ಪ.

ಕೆಳಗೆ ಅಂಗಡಿಯವನು ಚಕ್ರ ತಿರುಗಿಸಿ ಬಿಟ್ಟಿದ್ದ. ಅದು ಗಿರಗಿರನೆ ತಿರುಗಿ ನಿಲ್ಲುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಅವಳಿಗೆ ಮೊದಲು ಹೊಳೆದದ್ದು ಸಮಾಧಿ. ಸತ್ತವರನ್ನು ವಾರವಾರ ಯಾರಾದರೂ ನೋಡಲು ಹೋಗುತ್ತಾರೆಯೇ ಎಂದು ಅಂದುಕೊಳ್ಳುವಷ್ಟರಲ್ಲಿ ಅತ್ತೆ ಅಳತೊಡಗಿದ್ದಳು.

"ಇದ್ಲಾ?"

"ಇದ್ಲು."

ಬಾಣಂತಿಯಾಗಿದ್ದಾಗ ಅಮ್ಮನ ಮನಸ್ಸು ಕೆಟ್ಟಿತ್ತು. ನಿದ್ದೆಯಿಲ್ಲ, ಯಾರ ಗುರುತೂ ಇಲ್ಲ. ಒಂದು ದಿನ ಮಗುವನ್ನು ಎತ್ತಿಕೊಂಡು ರೈಲು ಹಳಿಯ ಮೇಲೆ ನಡೆದು ಹೋಗುತ್ತಿದ್ದವಳನ್ನು ಯಾರೋ ಹಿಡಿದು ತಂದರು. ದೂರದ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ನೋಡಲು ಬಿಡುತ್ತಿದ್ದುದು ಗುರುವಾರ ಮಾತ್ರ. ಬುಧವಾರ ಸಂಜೆ ಪಟ್ಟಿ ತೆಗೆದು ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ. ಗುರುವಾರ ಸಂಜೆ ಹೊರಟರೆ ಶುಕ್ರವಾರ ಹೊತ್ತು ಮೂಡುವ ಮುಂಚೆ ಗುಡ್ಡ. ರಜೆ ಕೇಳಿದ್ದರೆ ಕೊಡುತ್ತಿದ್ದರು. ಕಾರಣ ಹೇಳಬೇಕಾಗಿತ್ತು. ಅಪ್ಪ ಆಫೀಸಿನಲ್ಲೂ ಹೆಂಡತಿ ಹೋದಳು ಎಂದೇ ಹೇಳಿದ್ದರು.

"ನಂಗೆ ಸತ್ತೋದ್ಲು ಅಂದ್ರಿ" ಎಂದಳು ಅವಳು ಅತ್ತೆಯ ಕಡೆ ತಿರುಗಿ.

"ಸತ್ಲು ಅಂತ ಯಾವತ್ತೂ ಅನ್ಲಿಲ್ಲ ಕಣೇ! ಆಣೆ ಮಾಡಿ ಹೇಳ್ತೀನಿ. ಹೋದ್ಲು ಅಂದೆ. ಹೋಗಿದ್ಲಲ್ಲ? ನೀನೇ ಹಂಗೆ ತಿಳ್ಕೊಂಡೆ."

ಅವಳಿಗೆ ನಗು ಬಂತು. ಬಾಯಿಯಿಂದ ಹೊರಟದ್ದು ನಗುವಿನ ಹಾಗಿರಲಿಲ್ಲ, ಅತ್ತೆ ಹೆದರಿ ಹಿಂದೆ ಸರಿದಳು. ಇಷ್ಟು ವರ್ಷ ಒಂದು ಮಾತಿನ ಸಂದಿಯಲ್ಲಿ ಇಬ್ಬರೂ ಅಡಗಿ ಕೂತಿದ್ದರು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

"ಯಾವಾಗ ತೀರ್ಕೊಂಡ್ಲು?" ಎಂದು ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ಗೆರೆ ನಿಂತ ಮಳೆಗಾಲ. ಅವಳಾಗ ಓದು ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು. ಆ ವರ್ಷ ಊರಿಗೆ ಬಂದಾಗ ಅಪ್ಪ ಸೊರಗಿದ್ದು ಕಂಡು ಶಕ್ತಿಯ ಮಾತ್ರೆ ತಂದುಕೊಟ್ಟಿದ್ದಳು.

"ನಂಗೆ ಇಪ್ಪತ್ತು ದಾಟಿತ್ತು ಅಪ್ಪ. ಅಷ್ಟು ದಿನ ಹುಚ್ಚು ಹಿಡಿದೇ ಇತ್ತಾ?"

ಅಪ್ಪ ಹುರಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಇಲ್ಲ. ನೀನು ಮಿಡ್ಲ್ ಸ್ಕೂಲಿಗೆ ಬರೋ ಹೊತ್ತಿಗೆ ಸುಮಾರು ಸರಿಹೋಗಿದ್ಲು. ಅಲ್ಲೇ ಹೊಲಿಗೆ ಕೋಣೆಯಲ್ಲಿ ಕೆಲ್ಸ ಮಾಡ್ತಿದ್ಲು."

"ಮನೆಗೆ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಎಲ್ರಿಗೂ ಹೋದ್ಲು ಅಂತ ಹೇಳಿ ಆಗಿತ್ತು. ನಿಂಗೂ. ಕರ್ಕೊಂಡು ಬಂದು ಏನಂತ ಹೇಳೋದು? ಮತ್ತೆ ಕೆಟ್ರೆ? ಈ ವರ್ಷ ಬೇಡ, ಬರೋ ವರ್ಷ ಅಂತ…"

ಅವಳು ಕೇಳಬಾರದು ಅಂದುಕೊಂಡಿದ್ದನ್ನು ಕೇಳಿದಳು. "ಅವಳು ನನ್ನ ಕೇಳ್ಲಿಲ್ವಾ?"

"ಮೊದ್ಲು ಚಿಕ್ಕವಳು, ಬಸ್ಸಿಗೆ ಆಗಲ್ಲ ಅಂತಿದ್ದೆ. ಆಮೇಲೆ ಪರೀಕ್ಷೆ ಅಂತಿದ್ದೆ. ದೊಡ್ಡವಳಾದ್ಮೇಲೆ ಒಂದ್ಸಲ ಹಟ ಹಿಡಿದ್ಲು, ಕರ್ಕೊಂಡು ಬನ್ನಿ, ದೂರದಿಂದ ನೋಡ್ತೀನಿ ಅಂತ. ಏನಾದ್ರೂ ಹೇಳ್ಬೇಕಿತ್ತಲ್ಲ ಮರಿ." ಅಪ್ಪ ಮುಖ ಎತ್ತಲಿಲ್ಲ. "ಅವಳಿಗೆ ಬರೋಕೆ ಇಷ್ಟ ಇಲ್ಲ ಅಂದೆ."

ಅವಳು ಗೋಡೆಗೆ ಒರಗಿದಳು. ಅಮ್ಮನಿಗೆ ಕಾಯಿಲೆಯಾದದ್ದು, ಅದನ್ನು ಮುಚ್ಚಿಟ್ಟದ್ದು, ಭೂತಗನ್ನಡಿ, ಬಸ್ಸು, ಇವನ್ನೆಲ್ಲ ಕಷ್ಟಪಟ್ಟಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತೇನೋ. ಈ ಕೊನೆಯ ಮಾತು ಗಂಟಲಲ್ಲೇ ನಿಂತಿತು. ಅವಳ ಹೆಸರಿನಲ್ಲಿ, ಅವಳಿಗೇ ಗೊತ್ತಿಲ್ಲದ ಹಾಗೆ, ಅವಳಮ್ಮನಿಗೆ ಬಾಗಿಲು ಹಾಕಿಬಂದಿದ್ದರು.

"ನಾನು ಹೇಳಿದ್ನಾ ಹಾಗಂತ? ನನ್ನ ಕೇಳಿದ್ಯಾ ನೀನು?"

ಅಪ್ಪನಿಗೆ ಅವಳು ಹುಟ್ಟಿದಂದಿನಿಂದ ನೀನು ಅಂದವಳಲ್ಲ. ಅತ್ತೆ ಬೆಚ್ಚಿ "ಏನೇ ಅದು ಮಾತು" ಎಂದಳು. ಅವಳು ಬ್ಯಾಗು ಹೆಗಲಿಗೇರಿಸಿಕೊಂಡಳು. ಮೆಟ್ಟಿಲು ಇಳಿಯುತ್ತಿರುವಾಗ ಅಪ್ಪ ಹಿಂದೆಯೇ ಬಂದರು. ಅರ್ಧ ಮೆಟ್ಟಿಲಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದರು. ಕ್ಷಮಿಸು ಎನ್ನುತ್ತಾರೆ ಎಂದು ಅವಳು ನಿಂತಳು.

"ಪಟ್ಟಿ ವಿಷಯ… ಇಲಾಖೆಗೆ ಹೇಳ್ತೀಯಾ?" ಎಂದರು ಅಪ್ಪ. "ಒಂದು ದಿನವೂ ತಪ್ಪಿಲ್ಲ ಅಂತ ಬರ್ದಿದ್ದಾರಮ್ಮ ಅವ್ರು. ನಂಗೆ ಅಂತ ಇರೋದು ಅದೊಂದೇ ಹೆಸರು."

ಅವಳು ತೋಳು ಬಿಡಿಸಿಕೊಂಡು ಇಳಿದು ಹೋದಳು.

ಸೋಮವಾರ ಡಾಕ್ಟರಿಗೆ ಎಲ್ಲವನ್ನೂ ಹೇಳಲಿಲ್ಲ. ಗುರುವಾರದ ಬಿಸಿಲೆಲ್ಲ ಸುಳ್ಳು, ಅಪ್ಪ ಒಪ್ಪಿಕೊಂಡರು ಎಂದಷ್ಟೇ ಹೇಳಿದಳು. ಅವನು ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಒಂದು ಕೆಲ್ಸ ಮಾಡೋಣ. ಗುರುವಾರ ಪೂರ್ತಿ ಕಿತ್ತು ಹಾಕು. ಬುಧವಾರ, ಶುಕ್ರವಾರ ನೋಡಿ ಮಧ್ಯದ್ದು ತುಂಬಿಸು. ಯಾರಿಗೂ ಗೊತ್ತಾಗಲ್ಲ. ವರದಿನೂ ಉಳಿಯುತ್ತೆ, ನಿಮ್ಮಪ್ಪನ ಮಾನನೂ ಉಳಿಯುತ್ತೆ."

"ಅವರೂ ಅದನ್ನೇ ಮಾಡಿದ್ದು, ಖಾಲಿ ಇದ್ದಲ್ಲಿ ತುಂಬಿಸಿದ್ದು."

"ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಕಣೇ."

"ಇದೆ. ಆದ್ರೆ ನನ್ನ ಕೈಯಲ್ಲಿ ಆಗಲ್ಲ."

ಡಾಕ್ಟರು ವಾದ ಮಾಡಲಿಲ್ಲ. ಕಳಿಸಿದ ವರದಿಯನ್ನು ಇಬ್ಬರೂ ಹಿಂದಕ್ಕೆ ತೆಗೆದುಕೊಂಡರು. ಅದರೊಂದಿಗೆ ಅವನ ಶ್ರಮವೂ ಹೋಯಿತು. ಅವನು ಮೂರು ದಿನ ಅವಳೊಂದಿಗೆ ಚಹಾ ಕುಡಿಯಲು ಬರಲಿಲ್ಲ, ಆಮೇಲೆ ಬಂದ. ಅವಳು ಇಲಾಖೆಗೆ ಬರೆದಳು: ಈ ಕೇಂದ್ರದ ಗುರುವಾರಗಳನ್ನು ಇಂಥ ವರ್ಷದವರೆಗೆ ಯಾರೂ ನಂಬಬೇಡಿ. ಕಾರಣ ಬರೆಯಲಿಲ್ಲ. ಅಲ್ಲಿನ ಅಧಿಕಾರಿಯೊಬ್ಬರು ಫೋನು ಮಾಡಿ, ಬಹಳ ಮೆಲ್ಲಗೆ, "ಆ ಕೇಂದ್ರದವರು ನಿಮ್ಮ ತಂದೆಯವರಲ್ವಾ ಮೇಡಂ? ಖಚಿತ ತಾನೆ?" ಎಂದು ಕೇಳಿದರು. ಖಚಿತ ಎಂದಳು. ಮಾದರಿ ಎಂಬ ಮಾತು ದಾಖಲೆಯ ಮೇಲಿನಿಂದ ಹೋಯಿತು. ಆ ವಾರ ಅತ್ತೆ ಫೋನು ಮಾಡಿ, "ಅವ್ನಿಗೆ ಆಫೀಸಿಂದ ಕಾಗದ ಬಂತು. ಊಟ ಬಿಟ್ಟು ಮಲಗಿದ್ದಾನೆ. ಹೆತ್ತ ಅಪ್ಪಂಗೆ ಹಿಂಗೂ ಮಾಡ್ತಾರೇನೇ?" ಎಂದು ಬೈದಳು. ಅವಳು ಕೇಳಿಸಿಕೊಂಡು ಫೋನಿಟ್ಟಳು. ಗೆದ್ದೆ ಎಂದು ಅನಿಸಲಿಲ್ಲ. ಅಪ್ಪ ಎರಡು ಹೊತ್ತು ಉಂಡಿರಲಿಲ್ಲ ಎಂಬುದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು, ಹಾಗೆ ಕೊರೆಯುವುದಕ್ಕೂ ಸಿಟ್ಟು ಬರುತ್ತಿತ್ತು.

ಆಸ್ಪತ್ರೆಗೆ ಹೋಗಲು ಅವಳಿಗೆ ಮತ್ತೂ ಕೆಲವು ತಿಂಗಳು ಬೇಕಾದವು. ದೊಡ್ಡ ಕಾಂಪೌಂಡು, ಸುಣ್ಣ ಬಳಿದ ಉದ್ದನೆಯ ಕಟ್ಟಡಗಳು, ಒಗೆದ ದುಪ್ಪಟಿಗಳನ್ನು ಹರವಿದ ತಂತಿಗಳು. ಗೇಟಿನವನು ಇಂದು ಯಾರನ್ನೂ ನೋಡುವ ದಿನವಲ್ಲ ಎಂದ. ಇರುವವರನ್ನು ನೋಡಲು ಬಂದಿಲ್ಲ ಎಂದು ಅವಳು ಹೇಳಿದ ಮೇಲೆ ಒಳಗೆ ಬಿಟ್ಟ.

ಹೊಲಿಗೆ ಕೋಣೆಯಲ್ಲಿ ಏಳೆಂಟು ಹೆಂಗಸರು ದಿಂಬಿನ ಚೀಲ ಹೊಲಿಯುತ್ತಿದ್ದರು. ಅವರನ್ನು ನೋಡಿಕೊಳ್ಳುವ ಹೆಂಗಸು, ನರೆತ ಕೂದಲಿನವಳು, ಅಮ್ಮನ ಹೆಸರು ಕೇಳಿದೊಡನೆ ಕತ್ತರಿ ಕೆಳಗಿಟ್ಟಳು.

"ಅಯ್ಯೋ, ಅವ್ರಾ! ಅವ್ರನ್ನ ಮರೆಯೋಕಾಗುತ್ತಾ? ಎಲ್ರಿಗೂ ಒಂದೊಂದು ಹೆಸರಿಡೋರು. ನಂಗೆ ಗಂಟುಮೂತಿ ಅಂತ ಇಟ್ಟಿದ್ರು. ದೊಡ್ಡ ಡಾಕ್ಟರಿಗೆ ಊದುಬತ್ತಿ. ಎದುರಿಗೇ ಅನ್ನೋರು! ಗಂಡ ಬರೋದು ಕಂಡ್ರೆ, ಬಂದ ನೋಡ್ರೇ ಸೂರ್ಯನ ಗುಮಾಸ್ತ, ಅನ್ನೋರು. ನೀವು ಯಾರಾಗ್ಬೇಕು?"

"ಮಗಳು."

ಹೆಂಗಸಿನ ಮುಖ ಬಿಗಿಯಿತು. ಅವಳು ಅಕ್ಕಪಕ್ಕ ನೋಡಿ, ಮಾತನ್ನು ನುಂಗಿಕೊಂಡು, ಮತ್ತೆ ಕತ್ತರಿ ಎತ್ತಿಕೊಂಡಳು.

"ಹೇಳಿ, ಪರವಾಗಿಲ್ಲ."

"ಏನು ಹೇಳೋದಮ್ಮ. ನಿಮ್ಗೆ ಬರೋಕೆ ಇಷ್ಟ ಇಲ್ವಂತೆ. ನಾವೇ ಬೈತಿದ್ವಿ ನಿಮ್ಮನ್ನ, ಎಂಥಾ ಮಗಳಪ್ಪ ಅಂತ. ಅವ್ರು ಮಾತ್ರ ಬೈಯೋಕೆ ಬಿಡ್ತಿರ್ಲಿಲ್ಲ. ಅವಳನ್ನ ಹಳಿ ಮೇಲೆ ಎತ್ಕೊಂಡು ಹೋದವಳು ನಾನು, ಅವಳಿಗೆ ಭಯ ಇರುತ್ತೆ, ಬಲವಂತ ಮಾಡ್ಬಾರ್ದು ಅನ್ನೋರು. ಆಮೇಲಾಮೇಲೆ ನಿಮ್ಮ ಮಾತೇ ಎತ್ತುತ್ತಿರ್ಲಿಲ್ಲ."

"ನಂಗೆ ಗೊತ್ತಿರ್ಲಿಲ್ಲ" ಎಂದಳು ಅವಳು. "ಅಮ್ಮ ಇದ್ದಾಳೆ ಅಂತಲೇ ನಂಗೆ ಯಾರೂ ಹೇಳಿರ್ಲಿಲ್ಲ."

ಹತ್ತಿರದ ಹೊಲಿಗೆ ಯಂತ್ರವೊಂದು ನಿಂತಿತು. ಹೆಂಗಸು ಕತ್ತರಿಯನ್ನು ಮತ್ತೆ ಕೆಳಗಿಟ್ಟಳು.

"ದೇವ್ರೇ. ಇದನ್ನ ಈಗ ಯಾರಿಗೆ ಹೇಳೋದು?" ಎಂದಳು.

ಅವಳಿಗೆ ಕುಡಿಯಲು ನೀರು ಕೊಟ್ಟು, ಒಂದು ಸ್ಟೂಲು ಹಾಕಿ ಕೂರಿಸಿದಳು. ಅಮ್ಮ ಎತ್ತರವಾಗಿದ್ದಳು, ಎಡಗೈಯಲ್ಲಿ ಕತ್ತರಿ ಹಿಡಿಯುತ್ತಿದ್ದಳು, ಸೂಜಿಗೆ ದಾರ ಪೋಣಿಸುವುದಕ್ಕೆ ಮಾತ್ರ ಸೋಮಾರಿ, ಅದನ್ನು ಬೇರೆಯವರಿಂದ ಮಾಡಿಸಿಕೊಳ್ಳುತ್ತಿದ್ದಳು. ಕೊನೆಯಲ್ಲಿ ಜ್ವರ ಎದೆಗಿಳಿದು ನಾಲ್ಕೇ ದಿನ. ಗಂಡ ಬಂದಾಗ ಎಲ್ಲ ಮುಗಿದಿತ್ತು. "ಒಳ್ಳೆಯವರು ನಿಮ್ಮಪ್ಪ. ಮಳೆ ಬರ್ಲಿ, ಮುಷ್ಕರ ಇರ್ಲಿ, ಒಂದು ವಾರ ತಪ್ಪಿಸಿದವರಲ್ಲ" ಎಂದಳು ಹೆಂಗಸು. ಅದು ನಿಜವೂ ಆಗಿತ್ತು. ಸುಳ್ಳಾಗಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. ಕಂಡೇ ಇಲ್ಲದವಳಿಗಾಗಿ ಅಳುವುದು ಹೇಗೆಂದು ಗೊತ್ತಿರಲಿಲ್ಲ, ಅಳು ತಾನಾಗಿ ಬಂತು. ಪಕ್ಕದ ಸೀಟಿನ ಅಜ್ಜಿ ಏನೂ ಕೇಳದೆ ತನ್ನ ಗಂಟನ್ನು ಸರಿಸಿ ಜಾಗ ಮಾಡಿಕೊಟ್ಟಳು.

ಎಲೆಮರಿಗಳಿಗೆ ಅವಳು ಮತ್ತೊಂದು ಕೇಂದ್ರದ ಬಿಸಿಲು ಹಾಕಿದಳು. ಅದರಲ್ಲಿ ತಿಂಗಳುಗಟ್ಟಲೆ ಖಾಲಿ. ಖಾಲಿ ಇದ್ದಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ, ದಾಖಲೆ ಮತ್ತೆ ಶುರುವಾಗುವಲ್ಲಿಂದ ಓಡಿಸಬೇಕು. ಕೆಲಸ ನಿಧಾನ. ಎಲೆಮರಿಗಳೂ ಹಿಂದಿನಷ್ಟು ಕೊಬ್ಬಿ ಬೆಳೆಯಲಿಲ್ಲ. ಬದುಕಿಕೊಂಡಿವೆ ಎಂದು ಡಾಕ್ಟರು ಹೇಳುತ್ತಾನೆ.

ಊರಿಗೆ ಹೋಗುವುದನ್ನು ಅವಳು ಪೂರ್ತಿ ಬಿಡಲಿಲ್ಲ. ಅಪ್ಪನಿಗೆ ಕಣ್ಣು ಮಂಜಾಗಿತ್ತು, ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಬೇಕಿತ್ತು. ಮಾತ್ರೆ ತಂದಿಡುತ್ತಾಳೆ, ಕರೆಂಟು ಬಿಲ್ಲು ಕಟ್ಟುತ್ತಾಳೆ. ಅಪ್ಪ ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತಾಳೆ. ಒಂದು ಸಲ ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದಾಗ ಅತ್ತೆ ಅವಳ ಗಲ್ಲ ಹಿಡಿದು, "ಇನ್ನೆಷ್ಟು ದಿನ ಇರ್ತಾನೆ ಅವ್ನು? ಕ್ಷಮಿಸ್ಬಿಡೇ" ಎಂದಳು.

"ಅಮ್ಮನ ಪಾಲಿಂದು ನಾನು ಕ್ಷಮಿಸೋಕಾಗಲ್ಲ ಅತ್ತೆ. ನನ್ನ ಪಾಲಿಂದು ನನ್ನ ಹತ್ರ ಇದೆ, ನಿಜ. ಕೊಡೋಕೆ ಇನ್ನೂ ಮನಸ್ಸು ಬಂದಿಲ್ಲ."

ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅಪ್ಪ ಎಚ್ಚರವಾಗಿದ್ದರು. ಅವಳು ಕುಡಿದ ಲೋಟ ತೊಳೆದು ಬೋರಲು ಹಾಕಿ, ಮುಂದಿನ ತಿಂಗಳು ಕಣ್ಣಿನ ಡಾಕ್ಟರ ಹತ್ತಿರ ಯಾವಾಗ ಹೋಗಬೇಕೆಂದು ಬಾಗಿಲಲ್ಲೇ ನಿಂತು ಅಪ್ಪನಿಗೆ ಕೇಳುವಂತೆ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದಳು.